ಹೆಣ್ಣುಕುದುರೆಯ ಕೊರಳ ಗಂಟೆ

"ಬಗ್ಗು ಅಂತ ಹೇಳೋ ಆ ಮುದಿ ಸೂಳೇಮಗಂಗೆ. ಹುಟ್ಟುಹಬ್ಬದ ಮಗೂಗೆ ಕುದುರೆ ಸವಾರಿ ಬೇಕಂತೆ," ಎಂದ ಆನಂದ್ ಶ್ರೀಶೈಲ್‌ಗೆ.

ಅಮೆರಿಕದ ಕ್ಯಾರಲ್ಟನ್ನಿನ ಆ ಮಾಂಸದ ಹೋಟೆಲಿನ ಮಾಲೀಕ ಆನಂದ್ ಮೈಸೂರಿನವನು. ಕೆಲಸದವರಿಗೆಲ್ಲ ಅವನು ಅರ್ಜೆಂಟೀನಾದ ದನಗಾಹಿಗಳ ವೇಷ ಹಾಕಿಸಿದ್ದ: ದೊಗಲೆ ಚಲ್ಲಣ, ಕೊರಳಿಗೆ ಕೆಂಪು ವಸ್ತ್ರ. ಅವರಲ್ಲಿ ನಿಜವಾದ ದನಗಾಹಿ ಎಪ್ಪತ್ತರ ಲೂಸಿಯೊ ಒಬ್ಬನೇ.

ಬೀದರಿನಿಂದ ಓದಲು ಬಂದು, ಕಾನೂನಿನ ಕಣ್ಣು ತಪ್ಪಿಸಿ ಪಾತ್ರೆ ತೊಳೆಯುತ್ತಾ ಅಡುಗೆಮನೆಯಲ್ಲೇ ಸ್ಪ್ಯಾನಿಷ್ ಕಲಿತಿದ್ದ ಶ್ರೀಶೈಲ್‌ಗೆ ಮುದುಕನ ಸ್ಪ್ಯಾನಿಷ್ ತನ್ನೂರ ಮಾತಾಗಿಯೇ ಕೇಳುತ್ತಿತ್ತು.

"ನಾ ಕುದುರಿ ಮ್ಯಾಲೇ ಹುಟ್ಟಿದಾಂವಪಾ. ನೆಲ ಮುಟ್ಟಿದ್ದು ಐದನೇ ವರ್ಷಕ್ಕ. ನಮ್ಮ ಬಯಲಾಗ ಮುಂಜಾನಿ ಸೀನಿದ್ರ, ಅದರ ಸಪ್ಪಳ ಸಂಜೀಗೆ ತಿರುಗಿ ಬರ್ತಿತ್ತು."

ಅಡುಗೆಮನೆಯೆಲ್ಲ ನಗುತ್ತಿತ್ತು. ಒಂದು ಕಥೆಗೆ ಮಾತ್ರ ಯಾರೂ ನಗಲಿಲ್ಲ. ಧಣಿ ಹುಲ್ಲುಗಾವಲು ಉಳಿಸದೆ ಸೋಯಾ ಬಿತ್ತಿದ. ಉಳಿದ ದನ ಅಟ್ಟಲು ಮೊದಲು ಬೈಕು ಬಂತು, ಆಮೇಲೆ ಡ್ರೋನು. ಬೇಡವಾದ ನಲವತ್ತು ಕುದುರೆಗಳು ಕಸಾಯಿಖಾನೆಯ ಲಾರಿ ಹತ್ತಲೊಲ್ಲವು. ಅಲ್ಲಿ ಹಿಂಡೆಲ್ಲ ನಡೆಯುವುದು ಒಂದು ಹೆಣ್ಣುಕುದುರೆಯ ಕೊರಳ ಗಂಟೆಯ ಹಿಂದೆ.

"ಆಕೀನ್ನ ಲಾರಿ ಹತ್ತಿಸಿ ಗಂಟಿ ಅಲ್ಲಾಡಿಸಿದಾಂವ ನಾನ. ಎಲ್ಲಾ ಹತ್ತಿದುವು."

ಲೂಸಿಯೊ ಊರಿನಿಂದ ತಂದಿದ್ದ ಆ ಗಂಟೆಯನ್ನೂ ಆನಂದ್ ಅಲಂಕಾರಕ್ಕೆಂದು ಕೌಂಟರಿಗೆ ನೇತುಹಾಕಿಕೊಂಡಿದ್ದ.

"ಆ ಗಂಟೇನೂ ಕಟ್ಟೋ ಕುತ್ತಿಗೆಗೆ. ವಿಡಿಯೋ ಚೆನ್ನಾಗಿ ಬರತ್ತೆ," ಎಂದ ಆನಂದ್ ಈಗ.

"ಅದೊಂದು ಬ್ಯಾಡ್ರಿ ಸರ್," ಎಂದ ಶ್ರೀಶೈಲ್.

"ನಿನ್ನ ವೀಸಾ ಏನು ಅಂತ ಗೊತ್ತಲ್ವೇನೋ? ಇಮಿಗ್ರೇಷನ್ನವ್ರಿಗೆ ಫೋನ್ ಮಾಡ್ಲಾ?"

ಟೇಬಲ್ಲುಗಳ ಸುತ್ತ ಮೊಬೈಲುಗಳು ಎದ್ದವು. ಶ್ರೀಶೈಲ್ ಮುದುಕನಿಗೆ ಬಗ್ಗಲು ಹೇಳಿದ. ಮುದುಕ ಮಂಡಿಯೂರಿದ. ಶ್ರೀಶೈಲ್ ಗಂಟೆ ಕಟ್ಟಿದ. ಕುರಿಗೆ ಕಟ್ಟಲೆಂದು ಅಪ್ಪ ಕಲಿಸಿದ್ದ ಕುಣಿಕೆ ಅದು, ಎಷ್ಟು ಎಳೆದರೂ ಬಿಚ್ಚದು.

"ಚಲೋ ಕಟ್ಟೀದಿ," ಎಂದ ಲೂಸಿಯೊ.

ಹುಟ್ಟುಹಬ್ಬದ ಹುಡುಗಿ ಅನಘಾ ಹಿಂದೆ ಸರಿದಳು. "ಐ ಡೋಂಟ್ ವಾಂಟ್ ಟು."

"ಹತ್ತಮ್ಮಾ, ಒದೆಯಲ್ಲ ಈ ಕುದುರೆ," ಎಂದು ಆನಂದ್ ನಕ್ಕ.

ಲೂಸಿಯೊ ಎದ್ದು ನಿಂತ. ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದು ಬಾರಿಸುತ್ತಾ ಬಾಗಿಲ ಕಡೆ ನಡೆದ. ಅಡುಗೆಮನೆಯಿಂದ ಒಬ್ಬ ಬಂದ. ಇನ್ನೊಬ್ಬಳು ಬಂದಳು. ಒಲೆಯ ಮೇಲಿನ ಮಾಂಸ ಹಾಗೆಯೇ ಬಿಟ್ಟು ಶ್ರೀಶೈಲ್‌ನ ಹೊರತು ಅಡುಗೆಮನೆಯ ಐದೂ ಜನ ಗಂಟೆಯ ಹಿಂದೆ ಹೊರಟರು.

ಆನಂದ್ ಶ್ರೀಶೈಲ್‌ನ ಬೆನ್ನು ತಟ್ಟಿದ. "ಹೋದ್ರೆ ಹೋಗ್ಲಿ ಬೋಳಿಮಕ್ಳು. ನೀನೊಬ್ನೇ ಕಣೋ ನಿಯತ್ತಿರೋನು. ಬಾ, ನೀನೇ ಬಗ್ಗು."

ಹೊರಗೆ ಗಂಟೆಯ ಸದ್ದು ಪಾರ್ಕಿಂಗ್ ದಾಟುತ್ತಿತ್ತು. ಶ್ರೀಶೈಲ್ ಕೊರಳ ಕೆಂಪು ವಸ್ತ್ರ ಕಿತ್ತು ಮಾಂಸದ ತಟ್ಟೆಗೆ ಎಸೆದು ಹೊರಗೆ ಓಡಿದ.

ಆದರೆ ಸಾಲು ಸೇರಲಿಲ್ಲ. ಹತ್ತು ಹೆಜ್ಜೆ ಹಿಂದೆಯೇ ನಡೆದ. ಗಂಟೆ ಕಟ್ಟಿದ ಎರಡೂ ಕೈಗಳನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.