ಇಪ್ಪತ್ತಕ್ಕೆ ಮೇಲೊಂದು

ಮಣಿಕಟ್ಟಿನ ಮೇಲೆ ಹೊಳೆದದ್ದೇನು, ಮೀನಿನ ಹುರುಪೆ, ಮೂರು ಸಲ ಸಾಬೂನು ಹಚ್ಚಿ ತೊಳೆದರೂ ಒಂದು ಉಳಿದೇಬಿಟ್ಟಿದೆ, ಬೆಳಿಗ್ಗೆ ಅವ್ವಿಯ ಬುಟ್ಟಿಗೆ ತಾರಲೆ ಮೀನು ತುಂಬಿಕೊಟ್ಟದ್ದರ ಗುರುತು, ನೋಡಬೇಡ ಗಣಪಿ, ಕಣ್ಣು ಪ್ರಶ್ನೆಪತ್ರಿಕೆಯ ಮೇಲಿರಲಿ, ಬೆರಳು ತಾನೇ ಹೋಗುತ್ತದೆ — ಟಿಣ್, ಸಾಲು ಮುಗಿಯಿತು, ಮುಂದಿನದು — ಇದೊಂದು ಟೈಪಿಂಗ್ ಪರೀಕ್ಷೆ ಪಾಸಾದರೆ ಕುಮಟೆಯ ಯಾವುದಾದರೂ ಕಚೇರಿಯಲ್ಲಿ ಕುರ್ಚಿ, ಇಲ್ಲದಿದ್ದರೆ ನಾಳೆಯಿಂದ ನನ್ನ ತಲೆಗೂ ಬುಟ್ಟಿ, ಅವ್ವಿಯ ಕುತ್ತಿಗೆ ಬಗ್ಗಿಹೋದದ್ದು ಸಾಲದೇ, ಎಂಬತ್ತೊಂದನೇ ಇಸವಿಯಲ್ಲಿ ನಾನು ಹತ್ತನೇ ಫೇಲಾದಾಗ ಈ ಕ್ಲಾಸಿನ ಸುದ್ದಿ ತಂದವಳೂ ಅವಳೇ, ಮೀನು ಮಾರಲು ಹೋದ ಮನೆಯ ಜಗಲಿಯಲ್ಲಿ ಕೇಳಿಕೊಂಡು ಬಂದು, ಫೇಲಾದವ್ರಿಗೆ ಟೈಪಿಂಗ್ ಪುಕ್ಕಟೆ ಕಲಸ್ತರಂತೆ, ಹೋಗೆ ನೀನು, ಬುಟ್ಟಿ ನಾ ಹೊರ್ತೆ — ಮೊದಲ ದಿನ ಪಕ್ಕದ ಮಂಗಲಾ ಮೂಗಿಗೆ ಸೆರಗು ಹಿಡಿದು ಸರಿದು ಕುಳಿತಳು, ಒಳ್ಳೆಯದೇ ಆಯಿತು, ನನಗೆ ಕೈ ಆಡಿಸಲು ಜಾಗ ಸಿಕ್ಕಿತು.

ಪ್ರತಿ ಅಕ್ಷರ ಇಪ್ಪತ್ತು ಸಲ ಹೊಡೆಯಿರಿ ಎಂದು ಮಹಾಬಲ ಮಾಸ್ತರು ಹೇಳಿದರೆ ನನ್ನದು ಇಪ್ಪತ್ತೊಂದು, ಪ್ರತಿ ಸಾಲೂ ಇಪ್ಪತ್ತೊಂದು, ಎಂತದೇ ಇದು, ಲೆಕ್ಕ ಬರೂದಿಲ್ವೇ ನಿಂಗೆ — ಬತ್ತದೆ ಸರ್, ಇಪ್ಪತ್ತು ಬಂಗಡೆಗೆ ಮೇಲೊಂದು ಕೊಡೂದೇ ಅಲ್ವಾ, ಕೈಗೆ ಅದೇ ರೂಢಿ — ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು, ಮಾಸ್ತರೂ ನಕ್ಕರು, ನಾಚಿಕೆಯಿಂದ ಸತ್ತೇಹೋದೆ. ಆದರೆ ಕೀಲಿಗಳ ಮೇಲೆ ಬಟ್ಟೆ ಮುಚ್ಚಿ ಈಗ ಹೊಡೆಯಿರಿ ಎಂದ ದಿನ ನಗುವವರೇ ಇರಲಿಲ್ಲ, ಮಂಗಲಾ ಅತ್ತೇಬಿಟ್ಟಳು, ನಾನು ಹೊಡೆದೆ, ಬಲೆ ಹೆಣೆಯುವಾಗ ಅವ್ವಿ ಎಂದಾದರೂ ಬೆರಳು ನೋಡಿದ್ದಾಳೆಯೇ, ಕಣ್ಣು ದಂಡೆಗೆ ಬರುವ ದೋಣಿಯ ಮೇಲೆ, ಬೆರಳು ಗಂಟಿನ ಮೇಲೆ, ಏಳು ವರ್ಷಕ್ಕೇ ನನಗೂ ಬಂದ ವಿದ್ಯೆ — ಟಿಣ್ — ಹುರುಪೆ ಮತ್ತೆ ಹೊಳೆಯಿತು, ಪರೀಕ್ಷಕರು ಪಕ್ಕದಲ್ಲೇ ನಿಂತಿದ್ದಾರೆ, ಅವರಿಗೂ ಕಂಡಿತೇ, ಕಂಡರೆ ಕಾಣಲಿ, ಹೊಡೆ, ಕೊನೆಯ ಸಾಲು, ಕೊನೆಯ ಪದ, ಚುಕ್ಕೆ. ಮುಗಿಯಿತೇ, ಮುಗಿಯಿತು, ಸುತ್ತಲಿನ ಯಂತ್ರಗಳೆಲ್ಲ ಇನ್ನೂ ಕಟಕಟ ಅನ್ನುತ್ತಿವೆ, ನನ್ನದೊಂದೇ ಸುಮ್ಮನಿದೆ, ಬೇಗ ಮುಗಿಸಿದವರು ಮತ್ತೆ ಮೊದಲಿನಿಂದ ಹೊಡೆಯಬಹುದು, ಹೆಚ್ಚಾದದ್ದು ತಪ್ಪಲ್ಲ, ಪರೀಕ್ಷಕರು ಶುರುವಿನಲ್ಲೇ ಹೇಳಿದ್ದರಲ್ಲ, ಎಣಿಸಿದೆ, ಸರಿಯಾಗಿ ಇಪ್ಪತ್ತು ಸಾಲು, ಹಾಗಾದರೆ ಮೇಲೊಂದು ಕೊಡದೆ ಏಳುವವಳು ನಾನಲ್ಲ, ತಗಳಿ ಸರ್, ಇಪ್ಪತ್ತಕ್ಕೆ ಮೇಲೊಂದು — ಟಿಣ್ — ಸಮಯ ಆಯಿತು, ಕೈ ತೆಗೆಯಿರಿ, ಪರೀಕ್ಷಕರು ಹಾಳೆ ಎಳೆದು ಕಣ್ಣಾಡಿಸುತ್ತಾರೆ, ಮೇಲಿಂದ ಕೆಳಗೆ, ಮತ್ತೆ ಮೇಲಿಂದ, ಒಂದೂ ತಪ್ಪಿಲ್ವಲ್ಲೇ ತಂಗಿ, ಯಾರ ಮಗಳು ನೀನು — ಮೀನು ಮಾರೂ ನಾಗಿ ಮಗಳು ಸರ್, ಗಟ್ಟಿಯಾಗಿಯೇ ಹೇಳಿದೆ, ಮಂಗಲಾಗೂ ಕೇಳಲಿ, ಖುಷಿಗೆ ಎದೆ ಒಡೆದುಹೋಗುತ್ತದೇನೋ, ಅವ್ವೀ, ಬುಟ್ಟಿ ಇಳಿಸೇ — ಅವರ ಕೈಯ ಹಾಳೆ ಕಿಟಕಿಯ ಬೆಳಕಿಗೆ ತಿರುಗಿತು, ಇಪ್ಪತ್ತೊಂದನೆಯ ಸಾಲಿನ ಕೊನೆಯಲ್ಲಿ, ಅಂಟಿಕೊಂಡು, ಹೊಳೆಯುತ್ತ, ಹುರುಪೆ.