ಅಮೆನಾನಳ ಜೋಡಿ

ತಾಯಿಯ ನೀಲಿ ತಲೆವಸ್ತ್ರದ ಒಂದು ತುದಿ ಕಿಸ್ಸಿಯ ಕೈಯಲ್ಲಿತ್ತು, ಇನ್ನೊಂದು ತುದಿ ಅಜೂವಾಳ ಕೈಯಲ್ಲಿ. ಇಬ್ಬರೂ ಎಳೆಯುತ್ತಿದ್ದರು.

"ಬಿಡೆ, ಹರಿದುಹೋಗುತ್ತೆ," ಎಂದಳು ಕಿಸ್ಸಿ.

"ಹರಿದ್ರೆ ನಿನ್ನಿಂದ್ಲೇ. ಇದನ್ನ ಕಟ್ಕೊಂಡು ನೀನು ಕುಣೀತೀಯಾ? ನಿನ್ನ ಕಾಲಿಗೂ ಒನಕೆಗೂ ಏನೇ ವ್ಯತ್ಯಾಸ?"

ಅಂಗಳದ ಹೆಂಗಸರೆಲ್ಲ ನಕ್ಕರು. ಅಜೂವಾ ಚಿಕ್ಕಮ್ಮನ ಮಗಳು. ಬುವಾಕೆ ಪೇಟೆಯ ಮದುವೆಮನೆಗಳಲ್ಲಿ ಕುಣಿದು ಹೆಸರು ಮಾಡಿದವಳು. ಒನಕೆಯ ಮಾತು ಹೊಸದೇನಲ್ಲ, ಸತ್ತ ತಾಯಿಯೇ ದಿನಕ್ಕೊಮ್ಮೆ ಆಡುತ್ತಿದ್ದಳು. ಅದಕ್ಕೇ ಕಿಸ್ಸಿ ಹಿಡಿತ ಇನ್ನಷ್ಟು ಬಿಗಿ ಮಾಡಿದಳು.

ಬೆಳಿಗ್ಗೆಯಷ್ಟೇ ಆ ತಾಯಿ ಅಮೆನಾನಳನ್ನು ಮಣ್ಣು ಮಾಡಿ ಬಂದಿದ್ದರು. ಬೇಯಿಸಿದ ಗೆಡ್ಡೆ ಕುಟ್ಟುತ್ತ, ಹತ್ತಿ ನೂಲುತ್ತ, ಸೊಸೆಯರನ್ನು ಬಯ್ಯುತ್ತ ಬದುಕಿದ ಹೆಂಗಸು. ಆದರೆ ಪ್ರಾಯದಲ್ಲಿ ಅವಳ ಕುಣಿತ ನೋಡಿ ಮರುಳಾದ ಊರು ಅವಳ ಮುಖವನ್ನು ಮರದಲ್ಲಿ ಕೆತ್ತಿಸಿತ್ತು. ಆ ಮುಖವಾಡಕ್ಕೂ ಅಮೆನಾನ್ ಎಂದೇ ಹೆಸರು. ಬಟ್ಟೆ ಸುತ್ತಿಸಿಕೊಂಡು ಗುಡಿಸಲಿನ ಕತ್ತಲಲ್ಲಿ ಮಲಗಿರುತ್ತಿದ್ದ ಅದು, ಕುಣಿತದ ದಿನ ಬೇರೆ ಮುಖವಾಡಗಳೆಲ್ಲ ಆಡಿ ಮುಗಿದ ಮೇಲೆ ಹೊರಬರುತ್ತಿತ್ತು. ಆಗ ನಿಜವಾದ ಅಮೆನಾನ್ ಎದ್ದುಬಂದು ಅದರ ಪಕ್ಕ ಹೆಜ್ಜೆ ಹಾಕಬೇಕು. ಜೋಡಿಯಿಲ್ಲದೆ ಅದು ಕುಣಿಯುವುದಿಲ್ಲ. ಜೋಡಿ ಸತ್ತರೆ, ಮಣ್ಣು ಮಾಡಿದ ದಿನವೇ ಅವಳ ರಕ್ತದವಳೇ ಒಬ್ಬಳು ಆ ಜಾಗಕ್ಕೆ ನಿಲ್ಲಬೇಕು. ಮುಖವಾಡ ಅವಳ ಜೊತೆ ಹೆಜ್ಜೆ ಕೂಡಿಸಿದರೆ ಸರಿ, ಇಲ್ಲವಾದರೆ ಮತ್ತೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕುವುದು. ಆಮೇಲೆ ಅದು ಗೆದ್ದಲಿನ ಪಾಲು.

"ಯಾರು ಕುಣಿಯೋದು, ಬೇಗ ಹೇಳ್ರಮ್ಮ," ಎಂದ ಬ್ರೂ. ಕೂದಲು ಕಪ್ಪಗಿದ್ದಾಗಿನಿಂದ ಆ ಮುಖವಾಡ ತೊಟ್ಟು ಕುಣಿದ ಮುದುಕ ಅವನು. "ಒಳಗೆ ಹೊಕ್ಕಮೇಲೆ ನನಗೆ ನಿಮ್ಮ ಜಗಳ ಕೇಳಿಸಲ್ಲ, ಹೆಜ್ಜೆ ಒಂದೇ ಕೇಳಿಸೋದು."

ಎಲ್ಲರೂ ಅಫುವೆಯ ಕಡೆ ನೋಡಿದರು. ಅಮೆನಾನಳ ಬಾಲ್ಯದ ಗೆಳತಿ, ಈಗ ಬೊಚ್ಚುಬಾಯಿಯ ಅಜ್ಜಿ.

"ಅಜೂವಾ ಕುಣೀಲಿ ಬಿಡು ಕಿಸ್ಸಿ," ಎಂದಳು ಅಫುವೆ. "ನಿಮ್ಮಮ್ಮನ ಮುಖ ಅಟ್ಟ ಸೇರಬಾರದು ನೋಡು."

ಆ ಮಾತಿಗೆ ಕಿಸ್ಸಿಯ ಬೆರಳು ತಾನಾಗಿ ಸಡಿಲಿತು.

*

"ಈ ಗೆರೆ ಹುಟ್ಟಿದಾಗಿಂದ ಇದೆಯೇನಮ್ಮ?" ಎಂದು ಕಿಸ್ಸಿ ಒಮ್ಮೆ ಕೇಳಿದ್ದಳು. ಹೊಳೆಯಲ್ಲಿ ತಾಯಿಯ ತಲೆ ತೊಳೆಯುತ್ತಿದ್ದಳು. ಎಡಗಣ್ಣಿನ ಪಕ್ಕ ಮೂರು ಪುಟ್ಟ ಗಾಯದ ಗೆರೆಗಳು ನೀರಿಗೆ ಮಿರುಗುತ್ತಿದ್ದವು.

ಅಮೆನಾನ್ ಸುತ್ತ ನೋಡಿ ದನಿ ತಗ್ಗಿಸಿದಳು. "ಕೆತ್ತೋ ಲೂಕು ಕಾಡಲ್ಲಿ ಒಬ್ಬನೇ ಕೂತು ನನ್ನ ಮುಖಾನ ನೆನಪಿಂದ ಕೆತ್ತಿದ್ದ. ಅದೇನು ನೆನಪೋ ಮಹಾರಾಯನಿಗೆ, ನನಗಿಲ್ಲದ ಮೂರು ಗೆರೆ ಕೊರೆದುಬಿಟ್ಟಿದ್ದ. ಮುಖವಾಡ ಹೊರಗೆ ಬಂತು ನೋಡು, ಜನ ಬಿದ್ದು ಬಿದ್ದು ನಕ್ಕರು. ಇದ್ಯಾರ ಮುಖ, ಯಾವ ಊರಿನವಳು ಅಂತ."

"ಆಮೇಲೆ?"

"ಆಮೇಲೇನು. ಮರದಲ್ಲಿ ಕೊರೆದಿದ್ದನ್ನ ಮುಚ್ಚೋಕಾಗುತ್ತಾ? ನಾನೇ ಕೊರೆಸಿಕೊಂಡೆ. ಗೆಳತಿಯೊಬ್ಬಳು ಕೊರೆದಳು. ಯಾರು ಅಂತ ಕೇಳಬೇಡ, ಆಣೆ ಇದೆ."

"ನೋವಾಗ್ಲಿಲ್ವಾ?"

"ಆಯ್ತಪ್ಪ. ಆದ್ರೆ ಮುಂದಿನ ಸಲ ಕುಣಿದಾಗ ಆ ನಕ್ಕವರ ಮೋರೆ ನೋಡಬೇಕಿತ್ತು ನೀನು. ಲೂಕುಗೆ ಎಂಥಾ ಕಣ್ಣಪ್ಪಾ ಅಂದ್ರು."

ಅವಳು ನೀರು ಚಿಮ್ಮುವಂತೆ ನಕ್ಕಿದ್ದಳು. ಅಷ್ಟು ಬಿಂಕದ ಹೆಂಗಸನ್ನು ಕಿಸ್ಸಿ ಬೇರೆಲ್ಲೂ ಕಂಡಿರಲಿಲ್ಲ.

*

ಮದ್ದಳೆಗಳು ಏರಿದವು. ಮುಖವಾಡ ಹೊರಬಂತು: ಹೊಳೆಯುವ ಕಪ್ಪು ಹಣೆ, ತಗ್ಗಿದ ರೆಪ್ಪೆ, ಕಣ್ಣ ಪಕ್ಕ ಮೂರು ಗೆರೆ. ಜನ ಹೋ ಎಂದು ಎದ್ದರು. ಕಿಸ್ಸಿಯೂ ಎದ್ದು ನಿಂತಳು. ಬೆಳಿಗ್ಗೆ ಮಣ್ಣು ಹಾಕಿ ಬಂದ ಮುಖ ಬಿಸಿಲಲ್ಲಿ ನಿಂತಿತ್ತು.

ಅಜೂವಾ ನೀಲಿ ವಸ್ತ್ರ ಕಟ್ಟಿ ನುಗ್ಗಿದಳು. ಕುಣಿತವೆಂದರೆ ಕುಣಿತ, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನುವ ಹಾಗೆ. ಹೆಂಗಸರು ಚಪ್ಪಾಳೆ ತಟ್ಟಿದರು. ಆದರೆ ಮುಖವಾಡ ಹೆಜ್ಜೆ ಕೂಡದೆ ಹಿಂದೆ ಬಿತ್ತು. ಅಜೂವಾ ಸುತ್ತಿ ಬಂದು ಮತ್ತೆ ಕರೆದಳು, ಅದು ಮತ್ತೆ ಹಿಂದೆ ಬಿತ್ತು. ಮದ್ದಳೆಯವರ ಕೈ ತೊದಲಿತು.

"ಬ್ರೂಗೆ ವಯಸ್ಸಾಯ್ತು," ಎಂದ ಯಾರೋ.

ಕಿಸ್ಸಿ ಮುಖವಾಡದ ಮುಖ ಬಿಟ್ಟು ಪಾದ ನೋಡಿದಳು. ಎಡಗಾಲು ತುಸು ಎಳೆಯುತ್ತಿತ್ತು. ಎಳೆದು, ನಿಂತು, ಆಮೇಲೆ ಬಲಗಾಲು. ಅಯ್ಯೋ, ಇದು ಅಮ್ಮನ ನಡಿಗೆ. ಮಂಡಿ ಊದಿಕೊಂಡ ಮೇಲೆ ಕೊನೆಗಾಲದವರೆಗೂ ಅವಳು ಹೀಗೇ ಕುಣಿದಿದ್ದಳು, ಬ್ರೂ ಅವಳಿಗಾಗಿ ಹೆಜ್ಜೆ ತಗ್ಗಿಸಿದ್ದ. ಈಗ ಅವನ ಕಾಲಿಗೆ ಬೇರೆ ಹೆಜ್ಜೆ ಮರೆತೇಹೋಗಿತ್ತು. ಮತ್ತು ಅದೇ ಮಂಡಿಯನ್ನು ದಿನವೂ ಹೊಲಕ್ಕೆ ನಡೆಸಿಕೊಂಡು ಹೋದವಳು ಕಿಸ್ಸಿ. ತಾಯಿಯ ತೋಳು ಹೆಗಲ ಮೇಲೆ, ಎಡಕ್ಕೆ ಎಳೆದು, ನಿಂತು, ಬಲಕ್ಕೆ.

ಮುಖವಾಡ ನಿಂತುಬಿಟ್ಟಿತು. ಗುಡಿಸಲಿನ ಕಡೆ ತಿರುಗಿತು.

"ಮುಗೀತು," ಎಂದಳು ಅಫುವೆ, ಕಣ್ಣೊರೆಸಿಕೊಂಡು.

ಕಿಸ್ಸಿ ಜನರನ್ನು ತಳ್ಳಿಕೊಂಡು ಕುಣಿತದ ಕಣಕ್ಕೆ ನುಗ್ಗಿದಳು. ಮುಖವಾಡದ ಎಡಕ್ಕೆ ಬಂದು, ತಾಯಿಗೆ ಕೊಡುತ್ತಿದ್ದ ಹಾಗೇ ಹೆಗಲು ಕೊಟ್ಟು, ಎಡಗಾಲು ಎಳೆದಳು.

ಯಾರೋ ಕಿಸಕ್ಕನೆ ನಕ್ಕರು. ಎರಡನೇ ಹೆಜ್ಜೆಗೆ ಮುಖವಾಡ ತಿರುಗಿತು. ಮೂರನೆಯದಕ್ಕೆ ಅದರ ಕಾಲು ಕಿಸ್ಸಿಯ ಕಾಲಿನ ಜೊತೆಗೇ ಬಿತ್ತು. ದೊಡ್ಡ ಮದ್ದಳೆಯವನು ಲಯ ಹಿಡಿದ, ಸಣ್ಣವರು ಸೇರಿಕೊಂಡರು, ಜನರ ಕೂಗು ಮಾವಿನ ಮರದ ಹಕ್ಕಿಗಳನ್ನೆಲ್ಲ ಎಬ್ಬಿಸಿತು. ಕಿಸ್ಸಿ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಅಜೂವಾ ಏದುಸಿರು ಬಿಡುತ್ತ ವಸ್ತ್ರ ಬಿಚ್ಚಿ ಅವಳ ಹೆಗಲಿಗೆ ಎಸೆದಳು. "ತಗೋ ಕುಂಟಿ. ಇಂಥಾ ಕುಣಿತ ಪೇಟೇಲಿ ಕಲಿಸಲ್ಲ."

ಕುಣಿಯುತ್ತಲೇ ಇದ್ದವರ ಬೆವರು ಒರೆಸಲು ಅಫುವೆ ಕೋಲೂರಿಕೊಂಡು ಬಂದಳು. ಕಿಸ್ಸಿಯ ಹೆಗಲಿನಿಂದಲೇ ನೀಲಿ ವಸ್ತ್ರ ಎಳೆದುಕೊಂಡು ಮೊದಲು ಮುಖವಾಡದ ಹಣೆ ಒರೆಸಿದಳು, ಆಮೇಲೆ ಕಿಸ್ಸಿಯದು. ಅವಳ ಕೈ ಕಿಸ್ಸಿಯ ಎಡಗಣ್ಣಿನ ಪಕ್ಕ ಬಂದು ನಿಂತಿತು. ಒಮ್ಮೆ ಮುಖವಾಡದ ಕಡೆ ನೋಡಿ ಜಾಗ ಅಳೆದು, ಹೆಬ್ಬೆರಳ ಉಗುರಿನಿಂದ ಆ ನುಣುಪು ಚರ್ಮದ ಮೇಲೆ ಮೆಲ್ಲಗೆ ಒಂದು ಗೆರೆ ಎಳೆದಳು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಕಿಸ್ಸಿ ಹೆಜ್ಜೆ ತಪ್ಪಿಸದೆ ಮುಖ ಎತ್ತಿ ಹಿಡಿದಳು.