ಮೊದಲ ನೀರು

"ಎತ್ತಲೇ ಹುಲುಗಿ! ತಿನ್ನಾಗ ಬಾಯಿ ಊರಗಲ ಅಗಲಸ್ತಿ, ದುಡಿಯಾಗ ಸೊಂಟ ಮುರೀತತೇನು? ಬೋಸುಡಿ, ಎತ್ತು!"

ಎರ್ರಿಸ್ವಾಮಿಗೌಡ ಬಂಡೆಯ ಮೇಲೆ ಕೊಡೆಯ ನೆರಳಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತ ಬೈಯುತ್ತಿದ್ದ. ಹುಲುಗಮ್ಮ ಮೊಣಕಾಲೂರಿ ದಿಂಡುಗ ಮರದ ತುಂಡಿನ ಒಂದು ತುದಿಗೆ ಹೆಗಲು ಕೊಟ್ಟಳು. ಇನ್ನೊಂದು ತುದಿ ಗಂಡ ಓಬಣ್ಣನ ಹೆಗಲ ಮೇಲಿತ್ತು. ಹಸಿ ಮರ. ಕಡಿದ ಕಡೆಯಿಂದ ಇನ್ನೂ ನೀರು ಜಿನುಗಿ ಅವಳ ಕುಪ್ಪಸದೊಳಕ್ಕೆ ಇಳಿಯುತ್ತಿತ್ತು.

ಕುರುಗೋಡಿನ ಗುಡ್ಡದಲ್ಲಿ ಹಳ್ಳ ಹುಟ್ಟುವ ಜಾಗ ಅದು. ದಿಂಡುಗ, ಕಮರ, ಅತ್ತಿ, ಹೊಂಗೆ ಒಂದರ ಮೇಲೊಂದು ಬಿದ್ದಂತೆ ಬೆಳೆದಿದ್ದವು. ಈಗ ಅರ್ಧಕ್ಕರ್ಧ ಮೋಟಾಗಿ, ಪಕ್ಕದಲ್ಲೇ ತೋಡಿದ ಇದ್ದಿಲು ಗುಂಡಿಗಳಲ್ಲಿ ಹೊಗೆಯಾಡುತ್ತಿದ್ದವು. ಇದ್ದಿಲು ಗಾಡಿಗಟ್ಟಲೆ ಬಳ್ಳಾರಿಯ ಕಂಟೋನ್ಮೆಂಟಿಗೆ ಹೋಗುತ್ತಿತ್ತು. ಕಡಿಯುವುದು, ಹೊರುವುದು, ಸುಡುವುದು ಎಲ್ಲ ಕೇರಿಯವರ ಬಿಟ್ಟಿ ಚಾಕರಿ.

ಹೋದ ವರ್ಷ ಇದೇ ಗುಡ್ಡದಿಂದ ಒಂದು ಹೊರೆ ತರಗೆಲೆ ಬಳಿದು ತಂದದ್ದಕ್ಕೆ ಜಂಗಲು ಜವಾನರು ಓಬಣ್ಣನ ಬೆನ್ನನ್ನು ಹುಣಸೆ ಬರಲಿನಿಂದ ಹರಿದಿದ್ದರು. ಗುಡ್ಡ ರಿಜರ್ವು ಆಗಿದೆ, ಬಿದ್ದ ಎಲೆಯೂ ಸರ್ಕಾರದ್ದೇ ಅಂದಿದ್ದರು. ಈ ವರ್ಷ ಗೌಡ ಎರಡು ಸಲ ಬಳ್ಳಾರಿಗೆ ಹೋಗಿ ಬಂದ. ಎಲೆ ಆಯ್ದರೆ ಕಳ್ಳತನವಂತೆ, ಮರ ಕಡಿದರೆ ಗುತ್ತಿಗೆಯಂತೆ. ಇದು ಯಾವ ಊರಿನ ನ್ಯಾಯವೋ, ಕೇರಿಯ ಯಾರ ತಲೆಗೂ ಹತ್ತಲಿಲ್ಲ.

ತುಂಡನ್ನು ಗುಂಡಿಯ ಅಂಚಿಗೆ ಕೆಡವಿ ಹುಲುಗಮ್ಮ ಗೌಡನ ಕಡೆ ತಿರುಗಿದಳು. ಓಬಣ್ಣ ಬೇಡವೆಂದು ಕಣ್ಣು ಮಾಡಿದ. ಅವಳು ನೋಡಲಿಲ್ಲ.

"ಗೌಡ್ರ, ಕೈ ಮುಗಿತೀನಿ. ಹಳ್ಳದ ದಂಡಿಗೆ ಇರೋ ಗಿಡಾರ ಬಿಡ್ರಿ. ಇವುದ್ರ ಎಲಿ ಕೊಳತು ಬಂದ್ರನ ಕೆಳಗ ನೆಲ್ಲು ಬೆಳಿಯಾದು. ನಮ್ಮ ಮಡಿ ಅಷ್ಟ ಅಲ್ಲ, ನಿಮ್ಮ ಗದ್ದಿನೂ ಅದನ್ನ ನಂಬೈತಿ."

ಗೌಡ ಕೆಂಪಗೆ ಉಗುಳಿ ನಕ್ಕ. "ಕೇಳಿದ್ರ್ಯಾ ಶಾನುಭೋಗ್ರ? ನೀರುಗಂಟಿ ಹೇಣ್ತಿ ನನಗ ಒಕ್ಕಲುತನ ಕಲಸಾಕ ಹತ್ಯಾಳ. ಮಳಿ ಮುಗಲಾಗಿಂದ ಬರ್ತತಲೇ ಹುಚ್ಚಿ, ಗಿಡದ ಕುಂಡ್ಯಾಗಿಂದಲ್ಲ!"

ಶಾನುಭೋಗ ಪ್ರಾಣೇಶರಾಯರು ಗಾಳಿ ಬರುವ ಕಡೆ, ಯಾರ ನೆರಳೂ ತಾಕದಷ್ಟು ದೂರದಲ್ಲಿ ನಿಂತಿದ್ದರು. "ನೀರು ಬಿಡೋದಷ್ಟ ನಿನ್ನ ಕೆಲಸ," ಎಂದರು. "ಶಾಸ್ತ್ರ ಹೇಳೋದಲ್ಲ."

ಹುಲುಗಮ್ಮ ಮತ್ತೆ ತುಂಡಿಗೆ ಹೆಗಲು ಕೊಟ್ಟಳು.

ಅವಳ ಗಂಡನ ಮನೆಯವರು ಎಷ್ಟೋ ತಲೆಮಾರಿನಿಂದ ನೀರುಗಂಟಿಗಳು. ಹಳ್ಳ ಗುಡ್ಡ ಇಳಿದ ಕೂಡಲೇ ಒಂದು ದೊಡ್ಡ ಕಲ್ಲಿಗೆ ಬಡಿದು ಎರಡಾಗುತ್ತದೆ. ಬಲಗಾಲುವೆ ಗೌಡನ ಗದ್ದೆಗೆ, ಎಡಗಾಲುವೆ ಕೇರಿಯ ಕೆಳಗಿನ ಮಡಿಗೆ. ಎರಡಕ್ಕೂ ಒಂದೊಂದು ಹಲಗೆ. ಯಾವಾಗ ಯಾವ ಹಲಗೆ ಎತ್ತಬೇಕು, ಯಾವುದನ್ನು ಇಳಿಸಬೇಕು ಎಂಬುದು ನೀರುಗಂಟಿಯ ಕೆಲಸ. ವರ್ಷವಿಡೀ ಊರಿಗೆ ನೀರು ತಿರುವಿದ್ದಕ್ಕೆ ಅವರಿಗಿರುವುದು ಮಾನ್ಯವಾಗಿ ಬಂದ ಆ ಒಂದು ಮಡಿ, ಮತ್ತು ಒಂದು ಹಕ್ಕು. ವರ್ಷದ ಮೊದಲ ನೀರು ಅವರದು. ಬೇರೆ ಕೂಲಿಯಿಲ್ಲ, ಕಾಳಿಲ್ಲ.

ಆ ನೀರಿನ ರುಚಿಯೇ ಬೇರೆ. ಬೇಸಿಗೆಯಲ್ಲಿ ಉದುರಿ ಮೊಣಕಾಲುದ್ದ ಬಿದ್ದ ಎಲೆಯನ್ನೆಲ್ಲ ತೊಳೆದುಕೊಂಡು, ಕಷಾಯದ ಬಣ್ಣಕ್ಕೆ ತಿರುಗಿ, ನೊರೆ ಹೊತ್ತು ಬರುತ್ತಿತ್ತು. ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಬೇಕು, ಒಗರು ಹತ್ತಿದರೆ ಹಲಗೆ ಎತ್ತಬೇಕು. ಒಂದು ಹಗಲು ಮಡಿ ಅದನ್ನು ಕುಡಿದರೆ ಬೇರೆ ಗೊಬ್ಬರ ಕೇಳುತ್ತಿರಲಿಲ್ಲ. ಅತ್ತೆ ಜಂಬಮ್ಮ ಹೇಳುತ್ತಿದ್ದಳು: "ಗಿಡ ಕಲ್ಲೊಳಗ ಬಾಯಿ ಇಟ್ಟು ಉಣ್ತತಿ. ಉಂಡಿದ್ದನ್ನ ಎಲಿಗೆ ಕೊಡ್ತತಿ, ಎಲಿ ನೆಲಕ್ಕ ಕೊಡ್ತತಿ, ನೆಲ ಹಳ್ಳಕ್ಕ. ಹಳ್ಳ ತಂದು ನಮ್ಮ ಗಂಗಾಳಕ್ಕ ಹಾಕ್ತತಿ ನೋಡವ್ವಾ." ಧಾತು ಸಂವತ್ಸರದ ದೊಡ್ಡ ಬರದಲ್ಲಿ ಕೇರಿಯ ಅರ್ಧ ಜನ ಸತ್ತರು. ಮಿಕ್ಕವರು ಉಳಿದದ್ದು ಬರ ಹಿಂಗಿದ ಮೇಲೆ ಆ ಮಡಿ ಕೊಟ್ಟ ನೆಲ್ಲಿನಿಂದ. ಜಂಬಮ್ಮನನ್ನು ಮಣ್ಣು ಮಾಡಿದ್ದೂ ಅದೇ ಮಡಿಯ ಮೂಲೆಯಲ್ಲಿ.

ಮರ ಕಡಿದ ವರ್ಷ ಮುಂಗಾರಿನ ಮಿರಗದ ಮಳೆ ಮಧ್ಯಾಹ್ನಕ್ಕೇ ಗುಡ್ಡದ ಮೇಲೆ ಹೊಯ್ಯಿತು. ಮೊದಲೆಲ್ಲ ಇವತ್ತು ಮಳೆ ಬಿದ್ದರೆ ಹಳ್ಳ ಬರುವುದು ನಾಳೆ. ಈ ಸಲ ಹುಲುಗಮ್ಮ ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಸದ್ದು ಕೇಳಿಸಿತು. ಅವಳೂ ಓಬಣ್ಣನೂ ಕಲ್ಲಿನ ಬಳಿಗೆ ಓಡಿದರು. ನೀರು ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪಗಿತ್ತು. ನೊರೆಯಿಲ್ಲ, ಒಂದು ಎಲೆಯ ಚೂರಿಲ್ಲ. ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಿದಳು. ಒಗರು ಹತ್ತಲಿಲ್ಲ, ಹಲ್ಲಿಗೆ ಮರಳು ಹತ್ತಿತು.

"ಬ್ಯಾಡಬೇ," ಓಬಣ್ಣ ಅವಳ ರಟ್ಟೆ ಹಿಡಿದ. "ಇದು ನಮ್ಮ ನೀರಲ್ಲ."

"ಮೊದಲ್ನೇ ನೀರು ಬಿಟ್ಟಕೊಟ್ರ ಹಕ್ಕ ಹೋಗ್ತತಿ. ಗೌಡ ಬಾಯಿ ತಕ್ಕೊಂಡು ಕುಂತಾನ."

"ಹೋದ್ರ ಹೋಗ್ಲಿ. ಇದರ ಮಾರಿ ನೋಡು, ಹೆಂಗೈತಿ!"

"ನಿಮ್ಮವ್ವ ಸಾಯಾಗ ನನ್ನ ಕೈಯಾಗ ಇಟ್ಟಾಳ ಅದನ್ನ. ನಾ ಹೆಂಗ ಬಿಡ್ಲಿ?"

ಅವಳು ಎಡಗಾಲುವೆಯ ಹಲಗೆ ಎತ್ತಿದಳು. ತಲೆಮಾರುಗಳಿಂದ ಮಾಡುತ್ತ ಬಂದದ್ದನ್ನೇ ಮಾಡಿದಳು.

ಬೆಳಗಾದಾಗ ಮಡಿ ಇರಲಿಲ್ಲ. ಮೊಣಕಾಲುದ್ದ ಮರಳು, ಅದರ ಮೇಲೆ ನೊರಜುಗಲ್ಲು. ಜಂಬಮ್ಮನ ತಲೆಗಟ್ಟಿನ ಕಲ್ಲೂ ಮುಚ್ಚಿಹೋಗಿತ್ತು. ಗಂಡ ಹೆಂಡತಿ ಮೂರು ದಿನ ಪುಟ್ಟಿಯಲ್ಲಿ ಹೊತ್ತು ಹಾಕಿದರು. ತೋಡಿದಷ್ಟೂ ಬದಿಯಿಂದ ಕುಸಿಯಿತು. ಮೂರನೇ ದಿನ ಸಂಜೆ ಹುಲುಗಮ್ಮ ಆ ಮರಳಲ್ಲಿ ಬೋರಲು ಬಿದ್ದು, "ನನ್ನ ಕೈ ಸೇದಿಹೋಗ್ಲಿ, ನನ್ನ ಕೈಯಾರ ಮಣ್ಣಿಟ್ಟೆನಲ್ಲೋ" ಎಂದು ಬಾಯಿ ಬಡಿದುಕೊಂಡು ಅತ್ತಳು. ಓಬಣ್ಣ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ವಾರದೊಳಗೆ ಚಾವಡಿಯಿಂದ ಕರೆ ಬಂತು. ಗಂಡ ಹೆಂಡತಿ ಬಿಸಿಲಲ್ಲಿ ನಿಂತರು. ಪ್ರಾಣೇಶರಾಯರು ಕಾಗದ ಓದಿದರು. ಮಾನ್ಯದ ಮಡಿ ಪಾಳು ಬಿದ್ದಿದೆ, ಸಾಗುವಳಿಗೆ ಬರುವುದಿಲ್ಲ, ನೀರುಗಂಟಿಯವರು ತಾವಾಗಿಯೇ ಬಿಟ್ಟುಕೊಟ್ಟಿದ್ದಾರೆ. ಓದಿ ಮುಗಿಸಿ ಕಾಗದವನ್ನು ಕಟ್ಟೆಯಿಂದ ಕೆಳಕ್ಕೆ ಹಾಕಿ, ಹಾರದಂತೆ ಒಂದು ಕಲ್ಲು ಎಸೆದರು. ಅದರ ಹಿಂದೆ ಒಂದು ಇದ್ದಿಲ ಚೂರು.

"ಸಹಿ ಬದಲಿ ಗುದ್ದಲಿ ಗುರುತು ಹಾಕು."

"ನೀರು ಬಿಡೋ ಚಾಕರೀರಿ?" ಓಬಣ್ಣ ಕೇಳಿದ.

"ಅದು ಎಲ್ಲಿ ಹೋಗ್ತದ? ಅದನ್ನ ನೀವ ಮಾಡಬೇಕು."

"ಮತ್ತ ನಾವು ಏನ್ ಉಣಬೇಕ್ರಿ?" ಹುಲುಗಮ್ಮ ಕೇಳಿದಳು.

"ಮರಳು ಬಿಟ್ಟುಕೊಂಡಾಕಿ ನೀನ ಅಲ್ಲೇನ? ಯಾರಾದ್ರೂ ನಿನ್ನ ಕೈ ಹಿಡದು ಹಲಗಿ ಎತ್ತಿಸಿದ್ರೇನು?"

"ಮರಳು ಎಲ್ಲಿಂದ ಬಂತ್ರಿ? ಗಿಡ ಕಡಿಸಿದವ್ರು ಯಾರ್ರಿ?"

ಕಟ್ಟೆಯ ಮೇಲೆ ಕೂತಿದ್ದ ಗೌಡನ ಕಾಲಿನ ಎಕ್ಕಡ ಹಾರಿ ಬಂದು ಅವಳ ಬಾಯಿಗೆ ಬಡಿಯಿತು. ತುಟಿ ಒಡೆಯಿತು. "ರಂಡಿ, ಚಾವಡ್ಯಾಗ ನಿಂತು ನನ್ನ ಕೇಳ್ತೀ? ಎಕ್ಕಡ ತಂದು ಇಲ್ಲಿಡು!"

ಅವಳು ಬಗ್ಗಲಿಲ್ಲ. ಓಬಣ್ಣ ಬಗ್ಗಿದ. ಎಕ್ಕಡ ಎತ್ತಿ ಕಟ್ಟೆಯ ಅಂಚಿಗಿಟ್ಟ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಇದ್ದಿಲು ಹಿಡಿದು, ಕಾಗದದ ಮೇಲೆ ಗುದ್ದಲಿ ಬರೆದ. ಹುಲುಗಮ್ಮ ಗಂಡನನ್ನು ಅಸಹ್ಯಪಟ್ಟು ನೋಡಿದಳು. ಕನಿಕರವೂ ಆಯಿತು. ಎರಡನ್ನೂ ರಕ್ತದ ಜೊತೆ ನುಂಗಿದಳು.

"ಇನ್ನ ಮ್ಯಾಲ ಕೆಂಪ ನೀರು ಬಂದ್ರ ಎಡಕ್ಕ ಬಿಡು," ಗೌಡ ಹೇಳಿದ. "ಹೆಂಗೂ ಸತ್ತ ನೆಲ. ನನ್ನ ಗದ್ದಿಗೆ ತಿಳಿನೀರು ಅಷ್ಟ ಬರಬೇಕು."

ಮತ್ತೆ ದೊಡ್ಡ ಮಳೆ ಬಂದದ್ದು ಗೌಡನ ಗದ್ದೆಯಲ್ಲಿ ನಾಟಿ ನಡೆದಿದ್ದ ದಿನ. ಕೇರಿಯ ಹೆಂಗಸರು ಸಾಲು ಹಿಡಿದು ಸಸಿ ಊರುತ್ತಿದ್ದರು. ಓಬಣ್ಣ ಅಲ್ಲೇ ಬದು ಕಟ್ಟುತ್ತಿದ್ದ. ಗುಡ್ಡದ ನೆತ್ತಿಯ ಮೇಲೆ ಒಂದು ಮರವೂ ಉಳಿದಿರಲಿಲ್ಲ. ಮುಗಿಲು ಹರಿದು ಬಿದ್ದ ಅರೆಗಳಿಗೆಗೆ ಹಳ್ಳ ಗುಡುಗುತ್ತ ಇಳಿಯಿತು.

ಹುಲುಗಮ್ಮ ಒಬ್ಬಳೇ ಕಲ್ಲಿನ ಮೇಲಿದ್ದಳು. ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡು ಉಗುಳಿದಳು. ಎಡಗಾಲುವೆಯ ಹಲಗೆಯನ್ನು ಇಳಿಸಿ ಗುದ್ದಲಿಯ ಹಿಂಬದಿಯಿಂದ ಬಡಿದು ಬಿಗಿ ಮಾಡಿದಳು. ಆಮೇಲೆ ಬಲಗಾಲುವೆಯ ಹಲಗೆಗೆ ಕೈ ಹಾಕಿದಳು.

ಆಚೆ ದಡದಲ್ಲಿ ಗೌಡ ಕೊಡೆ ಬಿಸಾಕಿ ಓಡಿ ಬಂದ. "ಏನ್ ಮಾಡ್ತೀಯಲೇ ಹಡಬಿಟ್ಟಿ? ಎಡಕ್ಕ! ಎಡಕ್ಕ ಬಿಡು!"

ಹಲಗೆ ಮೇಲೆ ಬಂತು. ಕೆಂಪು ನೀರು ಬಲಕ್ಕೆ ನುಗ್ಗಿತು. ಅವಳು ಹಲಗೆಯನ್ನು ತಲೆಯ ಮೇಲೆತ್ತಿ ಅದರ ಹಿಂದೆಯೇ ಎಸೆದಳು. ಅದು ಉರುಳುತ್ತ ಗೌಡನ ಗದ್ದೆಯ ಕಡೆ ಹೋಯಿತು. ಗದ್ದೆಯಲ್ಲಿದ್ದ ಹೆಂಗಸರು ಸಸಿಯ ಕಟ್ಟುಗಳನ್ನು ಕೈಬಿಟ್ಟು ಬದುವಿನ ಮೇಲೆ ಹತ್ತಿ ನಿಂತರು.

"ಅವ್ವಾ! ಹುಲುಗವ್ವಾ!" ಗೌಡನ ದನಿ ಒಡೆಯಿತು. ಇದುವರೆಗೆ ಅವನ ಬಾಯಲ್ಲಿ ಅವಳಿಗೆ ಆ ಹೆಸರಿರಲಿಲ್ಲ. "ನಿನ್ನ ಕಾಲಿಗೆ ಬೀಳ್ತೀನಿ, ಮುಚ್ಚು!"

"ಮೊದಲ್ನೇ ನೀರು ನಮ್ಮದಾಗಿತ್ತು ಗೌಡ್ರ," ಅವಳು ಗಂಟಲು ಹರಿದುಕೊಂಡು ಹೇಳಿದಳು. "ಇದು ನಿಮ್ದು. ಉಣ್ರಿ!"

ಗೌಡನ ಮುಖ ಮತ್ತೆ ಗಡುಸಾಯಿತು. ಗದ್ದೆಯಿಂದ ಹಿಂದೆಯೇ ಓಡಿ ಬಂದಿದ್ದ ಓಬಣ್ಣನ ಕತ್ತು ಹಿಡಿದು ನೀರಿಗೆ ದಬ್ಬಿದ. "ನಿನ್ನ ಹೇಣ್ತಿ. ನೀನ ಹೋಗಿ ಮುಡಿ ಹಿಡದು ಎಳಕೊಂಡು ಬಾ. ಇಲ್ಲಾಂದ್ರ ಇಬ್ರನ್ನೂ ಇಲ್ಲೇ ಹುಗಿಸ್ತೀನಿ."

ಓಬಣ್ಣ ಎದೆಮಟ್ಟದ ನೀರಲ್ಲಿ ಎರಡು ಸಲ ಮುಗ್ಗರಿಸಿ, ಕಲ್ಲು ಹಿಡಿದು ಮೇಲೆ ಬಂದ. ಹುಲುಗಮ್ಮ ಏಟಿಗೆ ಕಾದು ಕಣ್ಣು ಮುಚ್ಚಿದಳು. ಅವನು ಅವಳ ಕೈಯಿಂದ ಗುದ್ದಲಿ ಕಿತ್ತುಕೊಂಡ. ಬಲಗಾಲುವೆಯ ಬಾಯಿಗೆ ಹೋಗಿ ನಿಂತು ದಂಡೆಗೆ ಏಟು ಹಾಕಿದ. ಒಂದು ಹೆಂಟೆ ಕುಸಿಯಿತು. ಮತ್ತೆ ಹಾಕಿದ. ಗಂಡಿ ಅಗಲವಾಗುತ್ತ ಹೋಯಿತು. ಹುಲುಗಮ್ಮ ಪಕ್ಕದಲ್ಲಿ ಕೂತು ಕೈಯಿಂದಲೇ ಮಣ್ಣು ಬಗೆಯತೊಡಗಿದಳು. ಗದ್ದೆಯ ಹಸಿರು ಸಾಲುಗಳು ಒಂದೊಂದಾಗಿ ಕೆಂಪಿನ ಅಡಿಗೆ ಹೋದವು.

ಗೌಡನ ಕಡೆಯ ನಾಲ್ವರು ಬಡಿಗೆ ಹಿಡಿದು ಆಚೆ ದಡದಲ್ಲಿ ನೀರು ಇಳಿಯುವುದನ್ನು ಕಾಯುತ್ತ ನಿಂತರು. ಮೊದಲಾಗಿದ್ದರೆ ಮೂರು ದಿನ ಕಾಯಬೇಕಿತ್ತು. ಮರಗಳಿದ್ದಾಗ ಗುಡ್ಡ ನೀರನ್ನು ಹಿಡಿದಿಟ್ಟುಕೊಂಡು ತಡೆತಡೆದು ಬಿಡುತ್ತಿತ್ತು, ಹಳ್ಳ ಯಾರನ್ನೂ ದಾಟಗೊಡುತ್ತಿರಲಿಲ್ಲ. ಈಗ ಮಳೆ ನಿಂತು ಸೆರಗು ಹಿಂಡುವಷ್ಟರಲ್ಲಿ ನೀರು ಎದೆಯಿಂದ ಸೊಂಟಕ್ಕೆ ಬಂದಿತ್ತು. ಹುಲುಗಮ್ಮ ತಲೆಯೆತ್ತಿ ನೋಡಿದಳು. ಮೊಣಕಾಲಿಗೆ ಬಂದಿತ್ತು.

"ಹಳ್ಳಕ್ಕ ಇಳಿದ್ರು," ಎಂದಳು.

ಓಬಣ್ಣ ಮತ್ತೆ ಗುದ್ದಲಿ ಎತ್ತಿದ.